ಅಸಲಿಗೆ ಜಮೆಯಾದ ಹಲ್ಲು

ಚಿರಂಜೀವಿ ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿನ್ನ ಬೆಂಗಳೂರಿನ ಮನೆ ಸಾಲದ ಬಗ್ಗೆ ಚೌತಿಯ ಮರುದಿನ ಜಗುಲಿಯಲ್ಲಿ ಆದ ಮಾತುಕತೆ ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಫೋನ್ ಮಾಡಿದರೆ ನನ್ನ ದನಿ ಏರುತ್ತದೆ, ನೀನು ಮೀಟಿಂಗ್ ಇದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಐದು ರೂಪಾಯಿಯ ಅಂಚೆಚೀಟಿಯಲ್ಲಿ ಮುಗಿಯುವ ಜಗಳ ನಿನ್ನ ಲೆಕ್ಕಕ್ಕೂ ಒಗ್ಗುತ್ತದೆ ಎಂದುಕೊಂಡಿದ್ದೇನೆ.

ಮೊದಲು ನೋಡಿದವಳು ನಿನ್ನ ಹೆತ್ತ ಆಯಿ. ಎಲ್ಲರೂ ಸೇರಿ ಮಾಡುವ ಚಕ್ಕುಲಿ ಕಂಬಳದಲ್ಲಿ ಕೈಯಿಂದ ಸುತ್ತಿದ ಚಕ್ಕುಲಿಯನ್ನು ನೀನು ಚಹಾದಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಲದವಡೆಗೆ ತಳ್ಳುತ್ತಿದ್ದೆ. ಚಕ್ಕುಲಿ ಮುರಿಯುವ ಸದ್ದಿನಿಂದಲೇ ನೀನು ಮನೆಯಲ್ಲಿದ್ದೀಯ ಎಂದು ಗೊತ್ತಾಗುತ್ತಿದ್ದ ಕಾಲವಿತ್ತು. ಕೇಳಿದರೆ ‘ಹಲ್ಲು ತೆಗೆಸಿದೆ’ ಎಂದೆ, ಉಗುರು ತೆಗೆದಷ್ಟೇ ಹಗುರವಾಗಿ. ಆಮೇಲೆ ಸಾಲ ಎಷ್ಟು ಇಳಿದಿದೆ ನೋಡಿ ಎಂದು ನೀನೇ ನನ್ನ ಮುಂದೆ ಇಟ್ಟ ಲೆಕ್ಕದ ಪುಸ್ತಕದಲ್ಲಿ ಆ ಪುಟ ಬಂತು. ಕೆಂಪು ಗೆರೆಯ ಎಡಕ್ಕೆ ತಾರೀಖು. ಅದರ ಮುಂದೆ ‘ಹಲ್ಲು ಕೀಳಿಸಿದ್ದು: 800’. ಕೆಳಗೆ ‘ರೂಟ್ ಕೆನಾಲ್, ಕ್ಯಾಪ್ ಬೇಡವೆಂದು ಉಳಿದದ್ದು: 11,200’. ಅದರ ಕೆಳಗೆ ‘ಅಸಲಿಗೆ ಜಮೆ: 11,200’. ಆಯುಷ್ಯವೆಲ್ಲ ಸಹಕಾರ ಸಂಘದ ಖಾತೆ ಬರೆದವನು ನಾನು. ಇಷ್ಟು ಚೊಕ್ಕವಾದ ನಮೂದನ್ನು ನಮ್ಮ ಸಂಘದ ಯಾವ ಗುಮಾಸ್ತನೂ ಬರೆದಿರಲಿಲ್ಲ, ನನ್ನನ್ನೂ ಸೇರಿಸಿ. ಮೆಚ್ಚುಗೆ ಮತ್ತು ಸಿಟ್ಟು ಒಟ್ಟಿಗೇ ಬಂದವು. ಹೊರಗೆ ಬಂದದ್ದು ಮಾತ್ರ ಸಿಟ್ಟು. ನೆಂಟರ ಎದುರಿಗೆ ಅಷ್ಟು ಕೂಗಬಾರದಿತ್ತು.

ನಿನ್ನ ಲೆಕ್ಕ ತಪ್ಪು ಎಂದು ನಾನು ಯಾವತ್ತೂ ಹೇಳಿಲ್ಲ. ನೀನು ಹೋದ ಮೇಲೆ ನಾನೂ ಕಾಗದ ಹಿಡಿದು ಕೂತೆ. 40 ಲಕ್ಷ, 20 ವರ್ಷ, ಶೇಕಡಾ 8.5. ಕಂತು 34,713 ರೂಪಾಯಿ. ಮೊದಲ ತಿಂಗಳು ಅದರಲ್ಲಿ 28,333 ಬಡ್ಡಿಗೇ ಹೋಗಿ ಅಸಲಿಗೆ ಸಿಕ್ಕಿದ್ದು 6,380. ಹೀಗೇ ಕಟ್ಟುತ್ತ ಹೋದರೆ 20 ವರ್ಷಕ್ಕೆ ಬಡ್ಡಿಯೇ 43 ಲಕ್ಷ ದಾಟುತ್ತದೆ, ಅಂದರೆ ಇನ್ನೊಂದು ಮನೆ. ಮೊದಲ ತಿಂಗಳಿಂದಲೇ 15,000 ಹೆಚ್ಚು ಕಟ್ಟಿದರೆ ಅದೇ ಸಾಲ 10 ವರ್ಷಕ್ಕೆ ಮುಗಿಯುತ್ತದೆ, ಬಡ್ಡಿ 19 ಲಕ್ಷ ಚಿಲ್ಲರೆಗೆ ಇಳಿಯುತ್ತದೆ. ಇದನ್ನು ನೀನು ಯಾರೂ ಹೇಳಿಕೊಡದೆ ಕಂಡುಕೊಂಡೆ. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇಕಡಾ 6.5ರಿಂದ 5.5ಕ್ಕೆ ತಂದಾಗ ನಿನ್ನ ಜೊತೆಯವರು ಕಂತು ಕಡಿಮೆ ಮಾಡಿಸಿಕೊಂಡು ಫೋನ್ ಬದಲಾಯಿಸಿದರು. ನೀನು ಕಂತು ಇದ್ದಲ್ಲೇ ಇಟ್ಟು ಅವಧಿ ಇಳಿಸಿಕೊಂಡೆ. ಒಂದು ಕೋಣೆಯನ್ನು ಗೆಳತಿಗೆ ಬಾಡಿಗೆಗೆ ಕೊಟ್ಟೆ, ಸ್ಕೂಟರ್ ಮಾರಿ ಮೆಟ್ರೊ ಹಿಡಿದೆ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಂಡೆ. ಸಂಘದ ಹಳೆಯ ಕಾರ್ಯದರ್ಶಿಗಳು ಸಿಕ್ಕಾಗಲೆಲ್ಲ ಇದನ್ನು ಹೇಳುತ್ತೇನೆ. ಅವರು ನನ್ನನ್ನು ಕಂಡರೆ ರಸ್ತೆ ದಾಟುವಷ್ಟು ಸಲ ಹೇಳಿದ್ದೇನೆ.

ಆದರೆ ಹಬ್ಬಕ್ಕೆ ನೀನು ಬಂದದ್ದು ತಾಳಗುಪ್ಪದ ರೈಲಿನ ಜನರಲ್ ಡಬ್ಬಿಯಲ್ಲಿ, ರಾತ್ರಿಯೆಲ್ಲ ಬಾಗಿಲ ಪಕ್ಕ ಕೂತು, ಅಲ್ಲಿಂದ ಸಿದ್ದಾಪುರದ ಬಸ್ಸು, ಅಲ್ಲಿಂದ ಶಿರಸಿ ಬಸ್ಸು. ಶಿರಸಿಗೆ ರೈಲು ಬರುವುದು ನನ್ನ ಕಾಲಕ್ಕಂತೂ ಇಲ್ಲ, ಆ ಮಾತು ಬೇರೆ. ಬೆಂಗಳೂರಿನಿಂದ ಮಲಗಿಕೊಂಡು ಬರುವ ಬಸ್ಸು ಇರುವಾಗ, ಮಾರನೇ ದಿನ ಅರ್ಧ ದಿವಸ ನಿದ್ದೆಯಲ್ಲೇ ಕಳೆದು ಏನು ಉಳಿಸಿದ ಹಾಗಾಯಿತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳಿಕೊಟ್ಟವನು ನಾನೇ. ಹಾಸಿಗೆ ಉದ್ದವಿದ್ದರೂ ಮುದುಡಿಕೊಂಡು ಮಲಗು ಎಂದು ಹೇಳಿಕೊಟ್ಟಿರಲಿಲ್ಲ.

ಈಗ ಅಜ್ಜನ ವಿಷಯ. ಅಡಿಕೆಗೆ ಕೊಳೆರೋಗ ಬಂದು ಒಂದು ವರ್ಷದ ಫಸಲು ಹೋಯಿತು ಎಂಬುದಷ್ಟೇ ನಿನಗೆ ಗೊತ್ತು. ಅಜ್ಜ ಹೇಳುತ್ತಿದ್ದದ್ದೂ ಅಷ್ಟೇ. ಕೊಳೆ ಯಾಕೆ ಬಂತು ಎಂಬುದನ್ನು ಅವರಿರುವಷ್ಟು ಕಾಲ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ನಾನಾಗ ಕಾಲೇಜಿನಲ್ಲಿದ್ದೆ. ಆ ವರ್ಷ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಒಳ್ಳೆಯ ದರ ಬಂದಿತ್ತು. ಅಜ್ಜ ಇದ್ದದ್ದನ್ನೆಲ್ಲ ಶಿರಸಿಗೆ ಒಯ್ದು ಮಾರಿ, ಬಂದ ಹಣದಲ್ಲಿ ಸಂಘದ ಬೆಳೆಸಾಲ ತೀರಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾವಿಗೆಂದು ತೆಗೆದ ಮಧ್ಯಮಾವಧಿ ಸಾಲವೊಂದಿತ್ತು, ಅದರ ಕಂತುಗಳಿಗೆ ಇನ್ನೂ ವರ್ಷಗಳಿದ್ದವು. ಅದನ್ನೂ ಪೂರ್ತಿ ಕಟ್ಟಿಬಿಟ್ಟರು. ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಹಿಡಿದು ಬಂದವರು ಅದನ್ನು ದೇವರ ಮುಂದಿಟ್ಟು ನಮಸ್ಕರಿಸಿದರು. ‘ಪಹಣಿಯಲ್ಲಿ ಇನ್ನು ಒಂದು ಪೈಸೆ ಸಾಲದ ಬೋಜಾ ಇಲ್ಲ’ ಎಂದು ಊಟದ ಪಂಕ್ತಿಯಲ್ಲಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಕೈಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ.

ಮಳೆ ಹಿಡಿಯುವಾಗ ಕೊಳೆ ಬಾರದಂತೆ ಔಷಧಿಯ ಒಂದು ಸಿಂಪಡಣೆಯಾಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮನೆಯಲ್ಲಿ ಹಿಂದಿನ ವರ್ಷದ್ದು ಉಳಿದಿತ್ತು, ಅದರಲ್ಲೇ ಸರಿಹೋಯಿತು. ಎರಡನೆಯದು ನಲವತ್ತು, ನಲವತ್ತೈದು ದಿನಕ್ಕೆ ಆಗಬೇಕು. ಪುನರ್ವಸು ಮಳೆ ಬಿಡಲೇ ಇಲ್ಲ. ಪುಷ್ಯದಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವು ಬಿತ್ತು. ಅಡಿಕೆ ಮರ ಹತ್ತುವ ಕೊನೆಗೌಡ ತಾನಾಗಿಯೇ ಬಂದು ಅಂಗಳದಲ್ಲಿ ನಿಂತ. ಕಂಬಳಿಕೊಪ್ಪೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ‘ಒಡೆಯಾ, ಇವತ್ತು ಹತ್ತಿದರೆ ಆಯಿತು, ನಾಳೆ ಆಗುವುದಿಲ್ಲ’ ಎಂದ. ಮೈಲುತುತ್ತಕ್ಕೆ ದುಡ್ಡಿಲ್ಲ, ಅವನ ಕೂಲಿಗೂ ಇಲ್ಲ. ಹೊಸ ಸಾಲ ಬೇಕೆಂದರೆ ಸಂಘದ ಆಡಳಿತ ಮಂಡಳಿ ಸಭೆ ಸೇರಬೇಕು. ಪಕ್ಕದ ಮನೆಯಲ್ಲಿ ಕೇಳಿದ್ದರೆ ಕೊಡುತ್ತಿದ್ದರು. ಆದರೆ ಋಣವಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವರು ಬೇಲಿ ದಾಟಿ ಹೋಗಿ ಕೈಗಡ ಕೇಳುವುದು ಹೇಗೆ? ‘ಈ ವರ್ಷ ಒಂದೇ ಸಾಕು, ಮುಂದಿನ ವಾರ ನೋಡೋಣ’ ಎಂದರು. ಕೊನೆಗೌಡ ಸ್ವಲ್ಪ ಹೊತ್ತು ನಿಂತು, ಎಲೆ ಅಡಿಕೆ ಹಾಕಿಕೊಂಡು, ಬೇರೆಯವರದಾದ ಕೆಳಗಿನ ತೋಟಕ್ಕೆ ಇಳಿದು ಹೋದ.

ಅಡಿಕೆ ಉದುರುವುದು ರಾತ್ರಿ ಕೇಳುತ್ತದೆ. ಮಳೆಯ ಸದ್ದಿನ ನಡುವೆಯೂ ಅದು ಬೇರೆಯಾಗಿ ಕೇಳುತ್ತದೆ. ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಹೋಗುತ್ತಿದ್ದೆ. ಎಳೆಯ ಹಸಿರು ಕಾಯಿಗಳು, ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪಾಗಿ, ಮೇಲೆ ಬೂದಿಯಂಥ ಬಿಳಿ ಬೂಷ್ಟು. ಕೈಯಲ್ಲಿ ಹಿಡಿದರೆ ಜಾರುತ್ತಿದ್ದವು. ಆಯ್ದು ದೂರ ಹಾಕದಿದ್ದರೆ ರೋಗ ಇನ್ನೂ ಹರಡುತ್ತದೆಂದು ಆಯ್ದು ಆಯ್ದು ಹೊಂಡಕ್ಕೆ ಸುರಿದೆವು. ಅಜ್ಜ ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಕೆಳಗಿನ ತೋಟದಲ್ಲಿ ಕೊನೆಗಳು ತುಂಬಿ ನಿಂತಿದ್ದವು. ನಡುವೆ ಇದ್ದದ್ದು ನೀರು ಹರಿಯುವ ಒಂದು ಹರಣಿ ಅಷ್ಟೇ.

ಆ ಸುಗ್ಗಿಯಲ್ಲಿ ಪೇಟೆಯ ಒಬ್ಬರಿಂದ ಕೈಸಾಲ ತಂದರು. ಸಂಘಕ್ಕೆ ಅವಸರದಿಂದ ಕಟ್ಟಿದ ಸಾಲದ ಬಡ್ಡಿಗಿಂತ ಅದರ ಬಡ್ಡಿ ಎರಡು ಪಾಲು ಮೇಲಿತ್ತು. ನನ್ನ ಓದು ಅಲ್ಲಿಗೆ ನಿಂತಿತು. ಅದೇ ಸಂಘದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಅದರಲ್ಲಿ ನನಗೆ ಬೇಸರವಿಲ್ಲ. ಆ ಕೆಲಸದಿಂದಲೇ ನೀವಿಬ್ಬರೂ ಓದಿದಿರಿ. ಆದರೆ ಯಾರಾದರೂ ಗಡುವಿಗೆ ಮೊದಲೇ ಸಾಲ ಕಟ್ಟಲು ಕಿಟಕಿಗೆ ಬಂದರೆ, ರಸೀದಿ ಹರಿಯುವ ಮೊದಲು ‘ಮೈಲುತುತ್ತಕ್ಕೆ ಇಟ್ಟುಕೊಂಡಿದ್ದೀರಲ್ಲ?’ ಎಂದು ಕೇಳುವುದು ನನಗೆ ಅಭ್ಯಾಸವಾಯಿತು. ಕೆಲವರು ನಕ್ಕರು. ಇಬ್ಬರು ಮೂವರು ಅರ್ಧ ಹಣ ವಾಪಸು ಜೇಬಿಗೆ ಹಾಕಿಕೊಂಡರು.

ಉಪದೇಶ ಮಾಡುವುದಿಲ್ಲ ಎಂದು ಆಯಿಗೆ ಮಾತು ಕೊಟ್ಟು ಕೂತವನು ನಾನು. ಆದರೂ ಇದೊಂದನ್ನು ಓದು. ಅಸಲಿಗೆ ಹಾಕಿದ ಹಣ ಕೇಳಿದಾಗ ತಿರುಗಿ ಬರುವುದಿಲ್ಲ. ಹೆಚ್ಚುವರಿ ಹಣವನ್ನು ಇಟ್ಟು ಬೇಕಾದಾಗ ತೆಗೆದುಕೊಳ್ಳುವ ಓವರ್‌ಡ್ರಾಫ್ಟ್ ಬಗೆಯ ಮನೆ ಸಾಲಗಳೂ ಇವೆ, ನಿನ್ನದು ಅದಲ್ಲ. ನಾಳೆ ಬೇಕೆಂದರೆ ಮತ್ತೆ ಅರ್ಜಿ, ಮತ್ತೆ ಸಂಬಳದ ಚೀಟಿ. ಕೆಲಸವೇ ಹೋದ ದಿನ ಸಂಬಳದ ಚೀಟಿ ಎಲ್ಲಿಂದ ತರುತ್ತೀಯ? ನಿಮ್ಮ ಕಂಪನಿಗಳಲ್ಲಿ ಬೆಳಿಗ್ಗೆ ಇದ್ದವರು ಸಂಜೆಗೆ ಇರುವುದಿಲ್ಲ ಎಂದು ನೀನೇ ಹೇಳಿದ್ದೆ. ಆರು ತಿಂಗಳ ಕಂತು ಮತ್ತು ಮನೆಖರ್ಚು ಮುಟ್ಟದ ಠೇವಣಿಯಾಗಿ ನಿನ್ನ ಹೆಸರಿನಲ್ಲಿರಲಿ. ಅದಕ್ಕೆ ಬರುವ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ, ನಷ್ಟ ಎಂದು ನೀನು ವಾದಿಸುತ್ತೀಯ. ನಷ್ಟವೇ, ಒಪ್ಪಿದೆ. ಆ ನಷ್ಟ ಮೈಲುತುತ್ತದ ದುಡ್ಡು. ನೋಡು, ಮತ್ತೆ ಕೊಳೆಗೇ ಬಂದೆ.

ಆರೋಗ್ಯ ವಿಮೆಯನ್ನು ಈ ವರ್ಷ ನವೀಕರಿಸುವುದಿಲ್ಲ ಎಂದು ತಮ್ಮನ ಹತ್ತಿರ ಹೇಳಿದ್ದೆಯಂತೆ. ಅದನ್ನು ಬಿಡಬೇಡ. ಕಂಪನಿಯ ವಿಮೆ ಕಂಪನಿಯ ಜೊತೆಗೇ ಹೋಗುತ್ತದೆ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು 2012ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಅದು ನಿನಗೆ ಗೊತ್ತು. ಆದರೆ ಪ್ರತಿ ಸಲ ಹೆಚ್ಚು ಕಟ್ಟಿದಾಗ ಅದು ಅವಧಿಗೆ ಇಳಿಯಿತೋ ಕಂತಿಗೆ ಇಳಿಯಿತೋ ನೋಡಿ, ಕಂತುಗಳ ಹೊಸ ಪಟ್ಟಿ ತೆಗೆದುಕೋ. ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಬ್ಯಾಂಕಿನವರು ವಾಪಸು ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ, 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ಕಾಗದ ಕೈಗೆ ಬಂತೆಂದು ಸುಮ್ಮನಾಗಬೇಡ. ಉಪನೋಂದಣಿ ಕಚೇರಿಯ ದಾಖಲೆಯಿಂದಲೂ ಸಾಲ ಇಳಿಯಬೇಕು, ಇಳಿದ ಮೇಲೆ ಒಂದು ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿಡು. ಸಾಲ ತೀರಿಸಿಯೂ ಪಹಣಿಯ 11ನೇ ಕಾಲಂನಲ್ಲಿ ಬೋಜಾ ಹಾಗೇ ಉಳಿದು, ಹಿಸ್ಸೆಯ ಹೊತ್ತಿಗೆ ಮಕ್ಕಳು ತಲೆಯ ಮೇಲೆ ಕೈಯಿಟ್ಟುಕೊಂಡದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮಿತವಾಗಿ ಬದುಕುವುದನ್ನು ನಿನಗೆ ಬೆಂಗಳೂರು ಕಲಿಸಿದ್ದಲ್ಲ. ಅಮ್ಮಮ್ಮ ಹಲಸಿನ ಬೇಳೆಗೆ ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆ ಇಡುತ್ತಿದ್ದರು. ಹಿತ್ತಿಲಿನ ಒಂದೆಲಗ, ದೊಡ್ಡಪತ್ರೆಗಳಲ್ಲೇ ತಂಬುಳಿ ಆಗುತ್ತಿತ್ತು. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ. ತರಕಾರಿಗೆಂದು ಪೇಟೆಗೆ ಹೋದದ್ದು ಅಪರೂಪ. ಅದೇ ಅಮ್ಮಮ್ಮ ಕೊಳೆ ಬಂದ ಆ ವರ್ಷ ಕೂಡ ನನಗೆ ಜ್ವರ ಬಂದಾಗ ಬಾಡಿಗೆ ಜೀಪು ಮಾಡಿಸಿ ಶಿರಸಿಗೆ ಕರೆದುಕೊಂಡು ಹೋದರು. ಅಜ್ಜ ಬಸ್ಸಿಗೆ ಕಾಯೋಣ ಎಂದರೂ ಕೇಳಲಿಲ್ಲ. ನೀನು ಹಣ ಬಿಗಿ ಹಿಡಿಯುವುದರಲ್ಲಿ ಅಜ್ಜನ ಹಾಗೆ, ಹಟದಲ್ಲಿ ಅಮ್ಮಮ್ಮನ ಹಾಗೆ. ಎರಡೂ ಸೇರಿದ್ದರಿಂದಲೇ ನನಗೆ ಹೆದರಿಕೆ.

ಶಿರಸಿಯಲ್ಲಿ ದಂತವೈದ್ಯರನ್ನು ಕೇಳಿ ಬಂದೆ. ದವಡೆಯ ಹಲ್ಲು ಕಿತ್ತ ಜಾಗ ಖಾಲಿ ಬಿಟ್ಟರೆ ಅಕ್ಕಪಕ್ಕದವು ಅತ್ತ ವಾಲುತ್ತವಂತೆ, ಎದುರಿನದು ಉದ್ದವಾಗಿ ಇಳಿಯುತ್ತದಂತೆ. ಈಗ ಬ್ರಿಡ್ಜ್ ಕಟ್ಟಿಸಬೇಕು ಅಥವಾ ಇಂಪ್ಲಾಂಟ್ ಹಾಕಿಸಬೇಕು. ಇಂಪ್ಲಾಂಟ್‌ಗೆ ಅವರು ಹೇಳಿದ ಮೊತ್ತ ನೀನು ಉಳಿಸಿದ 11,200ಕ್ಕಿಂತ ಎಷ್ಟೋ ಹೆಚ್ಚು. ಲೆಕ್ಕದ ಪುಸ್ತಕದ ಆ ಪುಟದಲ್ಲಿ ಇದನ್ನೂ ಬರೆದುಕೋ ಎಂದು ಚುಚ್ಚಲು ಹೊರಟಿದ್ದೆ. ಪಕ್ಕದಲ್ಲಿ ಕೂತ ಆಯಿ ಅಷ್ಟಕ್ಕೇ ನಿಲ್ಲಿಸು ಎನ್ನುತ್ತಿದ್ದಾಳೆ. ಮದುವೆಯ ಮಾತು ಎತ್ತುವುದಿಲ್ಲ ಎಂದು ಅವಳೂ ನನಗೆ ಮಾತು ಕೊಟ್ಟಿದ್ದಾಳೆ, ಅದಕ್ಕೆ ನಾನೂ ಅವಳ ಮಾತು ಕೇಳಬೇಕಾಗಿದೆ.

ಹಣ ನಾನು ಕೊಡುತ್ತೇನೆ. ಚಾಲಿ ಸ್ವಲ್ಪ ಇಟ್ಟುಕೊಂಡಿದ್ದೆ, ಅದನ್ನು ಮಾರಾಟಕ್ಕೆ ಬಿಟ್ಟಿದ್ದೇನೆ. ನಿನ್ನ ಖಾತೆಗೆ ಹಾಕಿದರೆ ಸಂಜೆಯೊಳಗೆ ಅಸಲಿಗೆ ಹೋಗುತ್ತದೆಂದು ಗೊತ್ತಿದ್ದೇ ಹೇಳುತ್ತೇನೆ, ನೇರವಾಗಿ ನಿನ್ನ ದಂತವೈದ್ಯರಿಗೆ ಕಳಿಸುತ್ತೇನೆ. ಅವರ ಹೆಸರು, ಖಾತೆ ಸಂಖ್ಯೆ, ಯಾವಾಗ ಎಷ್ಟು ಎಂಬುದನ್ನು ಬರೆ. ಅಪ್ಪಯ್ಯನ ದುಡ್ಡು ಬೇಡ ಎನ್ನುವ ಹಟವಿದ್ದರೆ ಬಡ್ಡಿಯಿಲ್ಲದ ಕೈಗಡ ಎಂದು ಬರೆದುಕೋ. ಮರುಪಾವತಿಗೆ ಗಡುವಿಲ್ಲ. ಮೊದಲೇ ತೀರಿಸಿದರೆ ಮಾತ್ರ ದಂಡವಿದೆ.

ನಿನ್ನ ಅಪ್ಪಯ್ಯ

ತಾ.ಕ.: ಒಣಗಿಸಿದ ಮುರುಗಲು, ಹಲಸಿನ ಹಪ್ಪಳ, ಅಪ್ಪೆಮಿಡಿ ಒಂದು ಬಾಟಲಿ ಕಟ್ಟಿಟ್ಟಿದ್ದೇವೆ. ಮಿಡಿಯನ್ನು ಎಡಗಡೆಯಿಂದ ಕಚ್ಚಬೇಡ ಎಂದು ಬರೆಯಲು ಆಯಿ ಹೇಳಿದಳು. ಕೆಳಗಿನ ತೋಟದವರ ಮಗ ಭಾನುವಾರ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇವೆ. ಮೆಜೆಸ್ಟಿಕ್‌ಗೆ ನೀನೇ ಹೋಗಿ ತೆಗೆದುಕೋ, ಆಟೊದಲ್ಲಿ ಹೋಗು.