ನನ್ನ ತಮ್ಮನ ಫೈಲು ಓದುವವರು ಯಾರು? ಕೋಲಾರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಿಂದ ಬರೆಯುತ್ತಿದ್ದೇನೆ. ಇದು ನನ್ನ ತಮ್ಮನ ವಿಷಯ, ಅವನ ಮನಸ್ಸಿನ ಕಾಯಿಲೆಗೆ ಒಂದು ನರ್ಸಿಂಗ್ ಹೋಮಿನಲ್ಲಿ ಸಿಕ್ಕ ಚಿಕಿತ್ಸೆಯ ವಿಷಯ. ಅವನಿಗೆ ಹೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದ, ಹಾಕಿಲ್ಲ. ನರ್ಸಿಂಗ್ ಹೋಮಿನ ಹೆಸರೂ ಹಾಕಿಲ್ಲ. ಅವರದು ತಪ್ಪು ಅಂತ ತಿಳಿದವರು ಯಾರೂ ಇನ್ನೂ ಹೇಳಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ನಾವು ಟೊಮೆಟೊ ಬೆಳೆಯುವವರು. ಒಂದು ವರ್ಷ ರೇಟು ಬಿದ್ದಾಗ ತಮ್ಮ ಮಂಕಾದ. ಊಟ ಬಿಟ್ಟ, ತೋಟದ ಕಡೆ ಹೋಗುವುದು ಬಿಟ್ಟ. ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದ. ಖಾಸಗಿ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಡಾಕ್ಟರು ಹತ್ತು ನಿಮಿಷ ಮಾತಾಡಿಸಿದರು, ಖಿನ್ನತೆ ಅಂದರು, ಮಾತ್ರೆ ಬರೆದರು. ತಿಂಗಳಲ್ಲಿ ಎದ್ದು ಕೂತ. ಅಮ್ಮ ಕೋಲಾರಮ್ಮನ ಹರಕೆ ತೀರಿಸಿ ಬಂದಳು.

ಆಮೇಲೆ ಅವನು ಮಲಗಲೇ ಇಲ್ಲ. ರಾತ್ರಿ ಎರಡು ಗಂಟೆಗೆ ಮಂಡಿಯವರಿಗೆ ಫೋನು. ಮೂರು ಜನರ ಜಮೀನು ಗುತ್ತಿಗೆಗೆ ಮಾತಾಡಿ ಮೂವರಿಗೂ ಅಡ್ವಾನ್ಸ್ ಕೊಟ್ಟ. ಅದಕ್ಕೆ ಬಡ್ಡಿ ಸಾಲ. ಬೇಡ ಅಂದವರ ಮೇಲೆ ಕೈ ಎತ್ತುತ್ತಿದ್ದ. ಮತ್ತೆ ಅದೇ ಡಾಕ್ಟರ ಹತ್ತಿರ ಹೋಗಿ, "ವಾರದಿಂದ ನಿದ್ದೆ ಇಲ್ಲ, ಮಾತು ನಿಲ್ಲಲ್ಲ" ಅಂದೆವು. ಹುರುಪು ಬಂದಿದೆ, ಒಳ್ಳೆಯದೇ ಆಯಿತು ಅಂತ ಅದೇ ಮಾತ್ರೆ ಮುಂದುವರಿಸಿದರು. ಮುಂದಿನದೆಲ್ಲ ಬರೆಯಲ್ಲ. ಒಂದೂವರೆ ಎಕರೆ ಹೋಯಿತು, ಗೊತ್ತಾಗಿದ್ದ ಮದುವೆ ಮುರಿಯಿತು. ಅಷ್ಟು ಸಾಕು.

ಕೊನೆಗೆ ಬೆಂಗಳೂರಿನಲ್ಲಿ ತೋರಿಸಿದಾಗ ಬೈಪೋಲಾರ್ ಅಂದರು. ಮಂಕು ಈ ಕಾಯಿಲೆಯ ಒಂದು ಮುಖ, ಅತಿ ಹುರುಪು ಇನ್ನೊಂದು. ಇಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಆ ಇನ್ನೊಂದು ಮುಖ ಕೆರಳುತ್ತದಂತೆ. ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಹಿಂದೆ ಯಾವಾಗಾದರೂ ನಿದ್ದೆ ಇಲ್ಲದೆಯೂ ಸುಸ್ತಾಗದೆ ದಿನಗಟ್ಟಲೆ ಓಡಾಡಿದ್ದನಾ?" ಅಂತ. ತಟ್ಟನೆ ನೆನಪಾಯಿತು. ಪಿಯುಸಿ ಮುಗಿದ ರಜೆಯಲ್ಲಿ ಎರಡು ವಾರ ಹಾಗೇ ಇದ್ದ. ಮನೆಯವರಿಗೆಲ್ಲ ಗೊತ್ತು. ಯಾರೂ ಕೇಳಿರಲಿಲ್ಲ, ನಾವಾಗಿ ಹೇಳಿರಲಿಲ್ಲ.

ಹಾಗಾದರೆ ಮೊದಲ ಡಾಕ್ಟರು ಮಾಡಿದ್ದು ನಿರ್ಲಕ್ಷ್ಯವಾ? ಕಾಯಿಲೆ ತಪ್ಪಾಗಿ ಗುರುತಿಸುವುದು ಬೇರೆ, ನಿರ್ಲಕ್ಷ್ಯ ಬೇರೆ. ಇದು ನನಗೂ ತಡವಾಗಿ ಅರ್ಥವಾಯಿತು. ಬೈಪೋಲಾರ್ ಎಷ್ಟೋ ಜನರಲ್ಲಿ ಮೊದಲು ಖಿನ್ನತೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಒಳ್ಳೆಯ ಡಾಕ್ಟರೂ ಮೊದಲ ದಿನ ಖಿನ್ನತೆ ಅಂತಲೇ ಅನ್ನಬಹುದು. ಆದರೆ ಹಳೆಯದನ್ನು ಕೇಳಲೇ ಇಲ್ಲ ಅಂದರೆ? ನಿದ್ದೆ ಇಲ್ಲ ಅಂತ ನಾವೇ ಹೇಳಿದ ಮೇಲೂ ಅದೇ ಮಾತ್ರೆ ಅಂದರೆ? ನನಗೇನೋ ನಿರ್ಲಕ್ಷ್ಯ ಅನ್ನಿಸುತ್ತದೆ. ಆದರೆ ನನಗೆ ಅನ್ನಿಸಿದ್ದು ಸಾಕ್ಷಿಯಲ್ಲ. ಅದನ್ನು ಹೇಳಬೇಕಾದವರು ಇನ್ನೊಬ್ಬ ಮನೋವೈದ್ಯರು.

ಆ ಮನೋವೈದ್ಯರ ಕೆಲಸ ಸುಲಭವಲ್ಲ. ಹಳೆಯ ಚೀಟಿಗಳನ್ನೆಲ್ಲ ತಾರೀಕಿನ ಪ್ರಕಾರ ಓದಬೇಕು. ತಮ್ಮನನ್ನೂ ನಮ್ಮನ್ನೂ ಕೂರಿಸಿಕೊಂಡು ಹೊಸದಾಗಿ ವಿಚಾರಿಸಬೇಕು. ಆ ದಿನ ಆ ಡಾಕ್ಟರಿಗೆ ಏನು ಗೊತ್ತಿತ್ತು, ಏನು ಕೇಳಿದ್ದರೆ ಗೊತ್ತಾಗುತ್ತಿತ್ತು ಅಂತ ನೋಡಬೇಕು. ಇವತ್ತು ತಿಳಿದದ್ದನ್ನು ಹಿಡಿದುಕೊಂಡು ಅವತ್ತಿನದನ್ನು ಅಳೆಯುವ ಹಾಗಿಲ್ಲ. ಎಲ್ಲಕ್ಕಿಂತ ಕಷ್ಟದ್ದು ನಷ್ಟದ ಲೆಕ್ಕ. ಕಾಯಿಲೆ ಹೇಗೂ ಬರುತ್ತಿತ್ತು. ಅದರಿಂದ ಹೋದದ್ದು ಎಷ್ಟು, ತಪ್ಪು ಮಾತ್ರೆಯಿಂದ ಹೋದದ್ದು ಎಷ್ಟು ಅಂತ ಬಿಡಿಸಿ ಬರೆಯಬೇಕು. ಫೀಸು ಯಾರೇ ಕೊಡಲಿ, ಕೋರ್ಟಿಗೆ ನಿಜವನ್ನೇ ಹೇಳಬೇಕು.

ಇದು ಬೇಕೇ ಬೇಕು ಅಂದವರು ನಮ್ಮ ವಕೀಲರು. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇನ್ನೊಬ್ಬ ತಜ್ಞ ಡಾಕ್ಟರ ಅಭಿಪ್ರಾಯವಿಲ್ಲದೆ ಡಾಕ್ಟರ ಮೇಲೆ ಕ್ರಿಮಿನಲ್ ಖಾಸಗಿ ದೂರು ತೆಗೆದುಕೊಳ್ಳಬಾರದು ಅಂದಿದೆ. ನಮಗೆ ಯಾರನ್ನೂ ಜೈಲಿಗೆ ಹಾಕಿಸುವುದು ಬೇಡ, ಗ್ರಾಹಕರ ಆಯೋಗ ಸಾಕು ಅಂದೆ. ಅಲ್ಲಿ ಎಲ್ಲ ಕೇಸಿಗೂ ತಜ್ಞರು ಬೇಕಿಲ್ಲ ಅಂತ 2010ರ ಕಿಶನ್ ರಾವ್ ತೀರ್ಪು ಹೇಳುತ್ತದೆ. ಆದರೆ ಅದು ಮಲೇರಿಯಾಗೆ ಟೈಫಾಯ್ಡಿನ ಔಷಧಿ ಕೊಟ್ಟ ಕೇಸು. ಮಲೇರಿಯಾಗೆ ರಕ್ತ ಪರೀಕ್ಷೆ ಇದೆ. ಮನಸ್ಸಿಗೆ ಯಾವ ಎಕ್ಸ್‌ರೇ ಇದೆ?

ಡಾಕ್ಟರ ನಿರ್ಲಕ್ಷ್ಯ ಅಳೆಯಲು ನಮ್ಮ ಕೋರ್ಟುಗಳು ಇಂದಿಗೂ ನೋಡುವುದು 1957ರ ಇಂಗ್ಲೆಂಡಿನ ಬೋಲಂ ಪ್ರಕರಣವನ್ನಂತೆ. ಆ ಬೋಲಂ ಕೂಡ ಖಿನ್ನತೆಯ ರೋಗಿ. ಕರೆಂಟ್ ಚಿಕಿತ್ಸೆ ಕೊಡುವಾಗ ಸೊಂಟದ ಮೂಳೆ ಮುರಿಯಿತು. ಅವನು ಕೇಸು ಸೋತ. ಪಾಪ, ಅವನಿಗಾದರೂ ತೋರಿಸಲು ಮುರಿದ ಮೂಳೆ ಇತ್ತು.

ಮೂವರು ಮನೋವೈದ್ಯರ ಹತ್ತಿರ ಹೋದೆ. ಮೂವರೂ ಗೌರವವಾಗಿಯೇ ಮಾತಾಡಿದರು. "ಚಿಕಿತ್ಸೆ ಕೊಡ್ತೀನಮ್ಮ, ಬರೆದು ಕೊಡಲ್ಲ. ನಾಳೆ ಮೀಟಿಂಗಲ್ಲಿ ಅವರ ಮುಖ ನೋಡಬೇಕಲ್ವಾ" ಅಂದರು ಒಬ್ಬರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಊರಿನಲ್ಲಿ ಕೇಳುವುದು ಇನ್ನೂ ಬೇರೆ. ತಿಕ್ಕಲು ಹಿಡಿದವನ ಮಾತು ಕಟ್ಟಿಕೊಂಡು ಡಾಕ್ಟರ ಮೇಲೆ ಹೋಗ್ತೀಯಾ ಅಂತ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನದಲ್ಲಿಲ್ಲ ಅಂತಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹಾಗೆ ಹೇಳುತ್ತದೆ. ಊರಿನ ಕಟ್ಟೆಗೆ ಕಾಯ್ದೆ ಎಲ್ಲಿ ಗೊತ್ತು.

ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಗಡುವು. ಒಬ್ಬ ಡಾಕ್ಟರನ್ನು ಹುಡುಕುವುದರಲ್ಲೇ ನಮ್ಮದು ಅರ್ಧ ಮುಗಿಯಿತು.

ಸಾರ್, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಇಂಥ ದೂರು ಬಂದಾಗ ಫೈಲನ್ನು ಜಿಲ್ಲೆಯ ಹೊರಗಿನ ಸರ್ಕಾರಿ ಮನೋವೈದ್ಯರಿಗೆ ಕಳಿಸಿ, ಲಿಖಿತ ಅಭಿಪ್ರಾಯ ತರಿಸುವ ಏರ್ಪಾಡು ಮಾಡಿ. ಮುಖ ನೋಡುವ ಸಂಕೋಚ ಆಗ ಇರುವುದಿಲ್ಲ. ನಿಮ್ಹಾನ್ಸ್ ಏನು ದೆಹಲಿಯಲ್ಲಿದೆಯಾ? ಇಲ್ಲೇ ಬೆಂಗಳೂರಿನಲ್ಲಿದೆ. ಅವರ ಜೊತೆ ನೀವು ಒಂದು ಸಲ ಮಾತಾಡಿ. ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಯಲ್ಲಿ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಇದೆ. ನಮಗೆ ಅದಕ್ಕೆ ಮೂರು ತಿಂಗಳು ಹಿಡಿಯಿತು. ಇದನ್ನೂ ಸ್ವಲ್ಪ ನೋಡಿ. ಓದಿದವರು ನಿರ್ಲಕ್ಷ್ಯ ಅಲ್ಲ ಅಂತ ಬರೆದರೆ ಒಪ್ಪಿಕೊಳ್ಳುತ್ತೇವೆ. ತಮ್ಮನೂ ಇದೇ ಮಾತು ಹೇಳಿದ್ದಾನೆ.

ಅವನು ಈಗ ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾನೆ. ತೋಟಕ್ಕೆ ಹೋಗುತ್ತಾನೆ. ಫೈಲಿನ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿದವನೂ ಅವನೇ. ಜೆರಾಕ್ಸ್ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಕಳಿಸಿದ್ದೇನೆ. ಏಳನೇ ಪುಟದ ಅಂಚಿಗೆ ಅವನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾನೆ. ನಿದ್ದೆ ಇಲ್ಲ ಅಂತ ನಾವು ಹೇಳಿದ ದಿನದ ಚೀಟಿ ಅದು. ಅದರಲ್ಲಿ ಇರುವುದು ಒಂದೇ ಸಾಲು: "ಸುಧಾರಿಸಿದೆ. ಅದೇ ಮಾತ್ರೆ."

ಇತಿ ನಮಸ್ಕಾರಗಳೊಂದಿಗೆ,
ಮುಳಬಾಗಿಲು ತಾಲ್ಲೂಕಿನ ಒಬ್ಬ ಅಕ್ಕ