ತೀರ್ಥಹಳ್ಳಿಯಲ್ಲಿ ನೆರವಾದ ಹಿರಿಯ ಮೆಕ್ಯಾನಿಕರಿಗೆ ಧನ್ಯವಾದ
ಆಗುಂಬೆ ಘಾಟಿ ಹತ್ತಿ ಬಂದ ನಮ್ಮ ಸ್ಪೋರ್ಟ್ಸ್ ಕಾರಿನ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಮುಂಭಾಗದಿಂದ ಕೇಳಿಸುತ್ತಿದ್ದ ‘ಟಣ್’ ಸದ್ದಿನ ಮೂಲವನ್ನು ತೀರ್ಥಹಳ್ಳಿಯ ರಸ್ತೆಬದಿಯಲ್ಲೇ ಪತ್ತೆಹಚ್ಚಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರೇ, ತಮಗೆ ಹೃತ್ಪೂರ್ವಕ ಧನ್ಯವಾದಗಳು. ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಗಳಿಗೇ ಹೋಗುವ ಗಾಡಿಯಾದ್ದರಿಂದ ಮುಂದಿನ ಚಕ್ರಗಳಿಗೆ ಬಲ ಸಾಗಿಸುವ ಆಕ್ಸಲ್ ಜಾಯಿಂಟೇ ಇಲ್ಲವೆಂದು, ಸದ್ದು ಅದರದಿರಬಹುದೆಂಬ ಅನುಮಾನವನ್ನು ಮೊದಲೇ ತಳ್ಳಿಹಾಕಿದ ತಾವು, ನಿಂತ ಗಾಡಿಯಲ್ಲಿ ನನ್ನ ತಮ್ಮನಿಂದ ಸ್ಟೀರಿಂಗ್ ತಿರುಗಿಸಿ, ಸಸ್ಪೆನ್ಷನ್ ಸ್ಪ್ರಿಂಗಿನ ಮೇಲೆ ಅಂಗೈಯಿಟ್ಟು, ಅದು ಚಕ್ರದೊಂದಿಗೆ ಸಲೀಸಾಗಿ ತಿರುಗದೆ ಬಿಗಿದುಕೊಂಡು ಒಮ್ಮೆಲೇ ಜಿಗಿಯುವುದನ್ನು ನನಗೂ ಮುಟ್ಟಿಸಿ ತೋರಿಸಿದಿರಿ. ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಇಡೀ ಸ್ಟೀರಿಂಗ್ ರ‍್ಯಾಕನ್ನೇ ಬದಲಿಸಬೇಕೆಂದು ಬೇರೊಂದು ಗ್ಯಾರೇಜಿನವರು ಹೇಳಿದ್ದರು (ಬೆಲೆ ಕೇಳಿ ಎದೆ ಧಸಕ್ಕೆಂದಿತ್ತು). ಬಿಚ್ಚಿಸಿ ನೋಡಿದರೆ, ತಾವು ಹೇಳಿದಂತೆಯೇ ಸ್ಟ್ರಟ್ಟಿನ (ಆ ಸ್ಪ್ರಿಂಗನ್ನು ಹೊತ್ತ ಶಾಕ್ ಅಬ್ಸಾರ್ಬರ್ ಕಂಬದ) ಮೇಲ್ತುದಿಯ ಬೇರಿಂಗು ನೀರು, ಕೆಸರು ಸೇರಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಎರಡೂ ಬದಿಯ ಬೇರಿಂಗ್ ಬದಲಿಸಿದ್ದೇವೆ; ಸದ್ದು ಪೂರ್ತಿ ನಿಂತಿದೆ.