ಹಸ ಏನ್ ಮಾಡ್ತು ಪಾಪ

ಮಂಡ್ಯ, 30 ಡಿಸೆಂಬರ್ 2023

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಈ ವರ್ಷ ಒಂದು ಮುಗಿದರೆ ಸಾಕಮ್ಮ" ಅಂದೆಯಲ್ಲ, ಆಗ ನಾನೂ ಹೂಂ ಅಂದೆ. ಫೋನ್ ಇಟ್ಟ ಮೇಲೆ ಯಾಕೋ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟುದ್ದ ವಾಟ್ಸಾಪಿನಲ್ಲಿ ಒತ್ತುತ್ತಾ ಕೂರುವ ತಾಳ್ಮೆ ನನಗಿಲ್ಲ. ನಿನ್ನ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಫೋಟೊ ಹೊಡೆದು ಕಳಿಸುತ್ತೇನೆ, ದೊಡ್ಡದು ಮಾಡಿಕೊಂಡು ಓದು.

ವರ್ಷ ಚೆನ್ನಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ಹೋದ ವರ್ಷ ಜುಲೈಗೇ ತುಂಬಿದ್ದ ಕನ್ನಂಬಾಡಿ ಕಟ್ಟೆ ಈ ಸಲ 124.80 ಅಡಿ ಮುಟ್ಟಲೇ ಇಲ್ಲ, ಬಾಗಿನವೂ ಇಲ್ಲ. ನಾಲೆಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತಾ ಕಟ್ಟು ನೀರು ಕೊಟ್ಟರು. ಅದು ಕೊನೆಯಲ್ಲಿರುವ ನಮ್ಮ ಗದ್ದೆಗೆ ಬರುವಷ್ಟರಲ್ಲಿ ಆ ಕಟ್ಟೇ ಮುಗಿದಿರುತ್ತಿತ್ತು. ಇಲ್ಲಿ ಪೈರು ಒಣಗುತ್ತಿದ್ದರೆ ಅತ್ತ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್‌ನಂತೆ ಬಿಡಿ ಅಂತ ಆದೇಶ. ಸೆಪ್ಟೆಂಬರ್ 23ರ ಮಂಡ್ಯ ಬಂದ್ ದಿನ ನಿಮ್ಮಪ್ಪ ವಿಶ್ವೇಶ್ವರಯ್ಯನವರ ಪ್ರತಿಮೆ ಹತ್ತಿರ ಕೂತು ಕೂಗಿ ಗಂಟಲು ಕೆಡಿಸಿಕೊಂಡು ಬಂದರು. ಅದಾಗಿ ಹತ್ತು ದಿನಕ್ಕೆ ಬದುವಿನ ಮೇಲೆ ಜಾರಿ ತೊಡೆ ಮೂಳೆ ಮುರಿದುಕೊಂಡರು. ನೀರೇ ಇಲ್ಲದ ವರ್ಷದಲ್ಲಿ ಜಾರುವಷ್ಟು ಕೆಸರು ಇವರಿಗೊಬ್ಬರಿಗೇ ಸಿಕ್ಕಿತ್ತು ನೋಡು.

ಅದಕ್ಕೂ ಮುಂಚೆ ನಿನ್ನ ಕೆಲಸ ಹೋಗಿದ್ದು. ಎರಡು ತಿಂಗಳು ನಮಗೆ ಹೇಳದೆ ಮುಚ್ಚಿಟ್ಟಿದ್ದೆ. ಆ ಸಿಟ್ಟು ನನಗಿನ್ನೂ ಇದೆ, ಬಂದಾಗ ಬೈಯುತ್ತೇನೆ.

ಈಗ ಬರೆಯೋಕೆ ಕೂತ ವಿಷಯ. ನಿಮ್ಮಪ್ಪ ಮೈಸೂರಿನ ಆಸ್ಪತ್ರೆಯಲ್ಲಿ 19 ದಿನ ಇದ್ದರಲ್ಲ, ರಾತ್ರಿ ನಿನ್ನ ಮಾವ ಇರುತ್ತಿದ್ದ, ಹಗಲು ನಾನು. ಬೆಳಿಗ್ಗೆ ಕತ್ತಲಲ್ಲೇ ಮುದ್ದೆ, ಬಸ್ಸಾರು ಕಟ್ಟಿಕೊಂಡು ಹೊರಟರೆ ವಾಪಸ್ ಬರುವುದು ಕತ್ತಲಾದ ಮೇಲೇ. ಜೂನ್ 11ಕ್ಕೆ ಹೆಂಗಸರಿಗೆ ಬಸ್ ಫ್ರೀ ಮಾಡಿದಾಗ "ಬಿಟ್ಟಿ ಯಾಕೆ ಕೊಡ್ತಾರೋ" ಅಂತ ಮೂಗು ಮುರಿದವಳು ನಾನೇ. ಇಲ್ಲದಿದ್ದರೆ ದಿನಕ್ಕೆ ನೂರರ ಮೇಲೆ ಬಸ್ಸಿಗೇ ಹೋಗುತ್ತಿತ್ತು. ಸೊನ್ನೆ ರೂಪಾಯಿಯ ಆ ಟಿಕೆಟ್‌ಗಳನ್ನು ಎಸೆಯೋಕೆ ಮನಸ್ಸು ಬರದೆ ದೇವರ ಗೂಡಿನಲ್ಲಿ ಇಟ್ಟಿದ್ದೇನೆ, ನಗಬೇಡ.

ಆದರೆ ಹಸು? ಮೊದಲ ದಿನ ಗಾಬರಿಯಲ್ಲಿ ಹಸುವಿನ ನೆನಪೇ ಇರಲಿಲ್ಲ. ಸಂಜೆ ಬಸ್ಸಿಳಿದಾಗ ಎದೆ ಧಸಕ್ ಅಂತು. ಓಡಿ ಬಂದು ನೋಡಿದರೆ ಕೊಟ್ಟಿಗೆ ಗುಡಿಸಿದೆ, ಹುಲ್ಲು ಹಾಕಿದೆ, ಕರು ಹೊಟ್ಟೆ ತುಂಬಿ ಮಲಗಿದೆ. ಕ್ಯಾನ್ ತೊಳೆದು ಬೋರಲು ಹಾಕಿತ್ತು. ಯಾರು ಗೊತ್ತಾ? ಹಿತ್ತಲ ಮನೆ ನಿಮ್ಮ ದೊಡ್ಡಪ್ಪ.

ಹೌದು, ಅವರೇ. ಒಂದು ಮೊಳ ಬದುವಿಗಾಗಿ ಹನ್ನೊಂದು ವರ್ಷದಿಂದ ನಿಮ್ಮಪ್ಪನ ಜೊತೆ ಮಾತು ಬಿಟ್ಟವರು. ನಿಮ್ಮಪ್ಪ ಜಾರಿ ಬಿದ್ದಿದ್ದೂ ಅದೇ ಬದುವಿನ ಮೇಲೆ! 19 ದಿನವೂ ಎರಡು ಹೊತ್ತು ಹಾಲು ಕರೆದು ಡೈರಿಗೆ ಹಾಕಿದ್ದಾರೆ. ನಮ್ಮ ಡೈರಿ ಪುಸ್ತಕ ತೆಗೆದು ನೋಡಿದೆ, ಒಂದು ಹೊತ್ತೂ ತಪ್ಪಿಲ್ಲ. ನಾನು ಕರೆಯುವಾಗ ಬರುತ್ತಿದ್ದುದಕ್ಕಿಂತ ಅರ್ಧ ಲೀಟರ್ ಜಾಸ್ತಿಯೇ ಇದೆ, ಅದು ಸ್ವಲ್ಪ ಹೊಟ್ಟೆ ಉರಿಸಿತು ಅನ್ನು.

ಥ್ಯಾಂಕ್ಸ್ ಅನ್ನೋದು ನಮ್ಮೂರಲ್ಲಿ ಯಾರ ಬಾಯಿಗೂ ಬರಲ್ಲ ಅಲ್ವಾ. ಬೇಲಿ ಹತ್ತಿರ ನಿಂತು, "ಭಾವ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು" ಅಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. "ಜಗಳ ನಂಗೂ ಅವನ್ಗೂ. ಹಸ ಏನ್ ಮಾಡ್ತು ಪಾಪ" ಅಂದು ಒಳಗೆ ಹೋದರು.

ರಾಜಿ ಆಯ್ತು ಅಂದುಕೊಂಡೆಯಾ? ಇಲ್ಲ. ನಿಮ್ಮಪ್ಪ ವಾಕರ್ ಹಿಡಿದು ಅಂಗಳಕ್ಕೆ ಬಂದರೆ ಅವರು ಈಗಲೂ ಬೆನ್ನು ತಿರುಗಿಸುತ್ತಾರೆ, ಇವರೂ ಕೆಮ್ಮಿ ಒಳಗೆ ಬರುತ್ತಾರೆ. ಬದು ಅಲ್ಲೇ ಇದೆ. ಹಾಲಿನ ದುಡ್ಡಿನಲ್ಲೇ ಆ ತಿಂಗಳ ಔಷಧಿ ತಂದಿದ್ದು ಅಂತ ನಾನು ಹೇಳಿದಾಗ ಮಾತ್ರ ನಿಮ್ಮಪ್ಪ ತುಂಬ ಹೊತ್ತು ಸುಮ್ನೆ ಕೂತಿದ್ದರು. ಮಾರನೇ ದಿನ, "ಅವನ ಕಡೆ ಹುಲ್ಲು ಮುಗಿದಿರಬೇಕು, ನಮ್ಮ ಮೆದೆಯಿಂದ ಎರಡು ಹೊರೆ ಬೇಲಿ ಮೇಲಿಂದ ಆ ಕಡೆ ಹಾಕು" ಅಂದರು. ಹಾಕಿದೆ. ಬೆಳಿಗ್ಗೆ ಅದು ಅಲ್ಲಿರಲಿಲ್ಲ.

ಬತ್ತ ಹೋಯಿತು. ಒಣಗಿದ ಗದ್ದೆಗೆ ಎರಚಿದ್ದ ಹುರುಳಿ ಮಾತ್ರ ಬಂದಿದೆ, ನಾಲ್ಕು ಮೂಟೆಯೂ ಆಗಲಾರದು. ನಿನಗೆ ಒಂದು ಡಬ್ಬ ತೆಗೆದಿಟ್ಟಿದ್ದೇನೆ.

ಜನವರಿ 15ಕ್ಕೆ ಸಂಕ್ರಾಂತಿ. ಹೊಸ ಆಫೀಸಿನಲ್ಲಿ ರಜೆ ಕೊಡದಿದ್ದರೂ ಕೇಳಿ ನೋಡು. ಎಲ್ಲ ಮನೆಗೂ ಎಳ್ಳು ಬೀರೋಕೆ ನಾನು ಹೋಗುತ್ತೇನೆ, ಹಿತ್ತಲ ಮನೆಗೆ ಮಾತ್ರ ನೀನೇ ಹೋಗಬೇಕು. ನಿನ್ನನ್ನು ಕಂಡರೆ ಅವರಿಗೆ ಮೊದಲಿಂದಲೂ ಅಕ್ಕರೆ, ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದಿಲ್ಲ. ದೊಡ್ಡ ಕಬ್ಬಿನ ಜಲ್ಲೆ ಅವರಿಗೇ ಅಂತ ಈಗಲೇ ಗುರುತು ಮಾಡಿದ್ದೇನೆ.

ಕೆಂಪು ಬಸ್ಸಿಗೇ ಹತ್ತು. ಆಧಾರ್ ಮರೆಯಬೇಡ.

ನಿನ್ನ ಅಮ್ಮ